ದರಪಟ್ಟಿಯನ್ನು ಬೈಯಬೇಡಿ

ಓದುಗರ ಪತ್ರ: ಬಹಳ ವರ್ಷಗಳಿಂದ ಒಂದೇ ಕಟಿಂಗ್ ಶಾಪಿಗೆ ಹೋಗುತ್ತಿದ್ದೇನೆ. ಅದು ನಮ್ಮ ಬೀದಿಯ ಅರಳಿಕಟ್ಟೆ. ಊರ ಸುದ್ದಿಯೆಲ್ಲ ಅಲ್ಲೇ. ಈಗ ಗೋಡೆಯ ದರಪಟ್ಟಿಯಲ್ಲಿ 120 ಇದ್ದ ಕಟಿಂಗ್ 150 ಆಗಿದೆ. ಸ್ಕ್ಯಾನರ್ ತೆಗೆದು ‘ಕ್ಯಾಶ್ ಮಾತ್ರ’ ಅಂತ ಬರೆದಿದ್ದಾರೆ. ಮೂಲೆಯಲ್ಲಿ ಎಸಿ ಸಲೂನು ಬೇರೆ ಬಂದಿದೆ. ಕಟ್ಟೆಯೂ ಬರೀ ವ್ಯಾಪಾರ ಆಗಿಬಿಟ್ಟರೆ ಜನ ಎಲ್ಲಿ ಸೇರಬೇಕು? ಹಾಗೆ ನೋಡಿದರೆ ಇದರಲ್ಲಿ ಕಾಸಿಲ್ಲ ಅನ್ನೋದೂ ಸುಳ್ಳು, ಬೆಂಗಳೂರಿನಲ್ಲಿ ರೋಲ್ಸ್ ರಾಯ್ಸ್ ಇಟ್ಟಿರುವ ಕ್ಷೌರಿಕರೇ ಇದ್ದಾರೆ. ಇವರಿಗೆ ಬಿಪಿ ನೋಡುವುದು, ಪುಸ್ತಕ ಇಡುವುದು ಇಂಥ ಸಮಾಜಸೇವೆ ಕಲಿಸಬಾರದೇ? ನೀವಾದರೂ ಬರೆಯಿರಿ.
– ಓದುಗರು, ಚಾಮುಂಡಿಪುರಂ, ಮೈಸೂರು

ಸಂಪಾದಕರ ಉತ್ತರ:

ಮಾನ್ಯರೇ,

ಪತ್ರ ಓದಿ ಮೊದಲು ಖುಷಿಯಾಯಿತು. ಎರಡನೇ ಸಲ ಓದಿದಾಗ ನಿಮ್ಮ ಜೊತೆ ಸ್ವಲ್ಪ ಜಗಳ ಆಡಬೇಕು ಅನಿಸಿತು. ಸಲೂನನ್ನು ಕಟ್ಟೆ ಅಂದಿದ್ದೀರಿ. ಒಪ್ಪಿದೆ. ಆದರೆ ಅರಳಿಮರ ತಿಂಗಳಾದರೆ ಯಾರಿಗೂ ಬಾಡಿಗೆ ಕೊಡಬೇಕಿಲ್ಲ. ಸಲೂನಿನವರು ಕೊಡಬೇಕು. ನಿಮ್ಮ ಪತ್ರದಲ್ಲಿ ಕನ್ನಡಿ ಇದೆ, ಬೆಂಚು ಇದೆ, ಹರಟೆ ಇದೆ. ಬಾಡಿಗೆ ಮಾತ್ರ ಎಲ್ಲೂ ಇಲ್ಲ.

ಒಂದು ಅಂದಾಜು ಲೆಕ್ಕ ಹಾಕೋಣ. ಎರಡು ಕುರ್ಚಿಯ ಅಂಗಡಿ ಅಂದುಕೊಳ್ಳಿ. ಬಾಡಿಗೆ 8,000. ಕರೆಂಟು, ಬ್ಲೇಡು, ಕ್ರೀಮು, ಟವೆಲ್ ಒಗೆಸುವುದು ಸೇರಿ ಇನ್ನೊಂದು 2,500. ಕೆಲಸಕ್ಕೆ ಇಟ್ಟುಕೊಂಡ ಹುಡುಗನಿಗೆ ಸಂಬಳಕ್ಕಿಂತ ಅರ್ಧ ಪಾಲು ಕೊಡುವ ರೂಢಿಯೇ ಹೆಚ್ಚು. ಅಂದರೆ ಅವನು ಮಾಡುವ ನಿಮ್ಮ 150 ರೂಪಾಯಿಯ ಕಟಿಂಗ್‌ನಲ್ಲಿ 75 ಅವನಿಗೆ, 75 ಅಂಗಡಿಗೆ. 10,500 ರೂಪಾಯಿ ಹುಟ್ಟಬೇಕಾದರೆ ಅವನು 140 ತಲೆ ಮುಗಿಸಬೇಕು. ಮಂಗಳವಾರ ರಜೆ ಕಳೆದರೆ ತಿಂಗಳಿಗೆ ಸಿಗುವುದು 26 ದಿನ. ದಿನಕ್ಕೆ ಐದಾರು ತಲೆ ಬರೀ ಗೋಡೆಗೇ ಹೋಯಿತು. ಮಾಲೀಕರ ಮನೆ ಅಕ್ಕಿ, ಮಕ್ಕಳ ಫೀಸು, ಅಂಗಡಿಗೆ ಅಡ್ವಾನ್ಸ್ ಕೊಡಲು ತಂದ ಸಾಲದ ಬಡ್ಡಿ, ಎಲ್ಲ ಆಮೇಲೆ.

ದಿನಕ್ಕೆ ಐದಾರು ತಲೆ ಏನು ಮಹಾ ಅನ್ನಬಹುದು. ಭಾನುವಾರ ಬೆಳಗ್ಗೆ ನೋಡಿದರೆ ಹಾಗೇ ಕಾಣುತ್ತದೆ. ಆದರೆ ನಮ್ಮ ಜನ ಕೂದಲು ತೆಗೆಸದ ದಿನಗಳ ಪಟ್ಟಿ ಎಷ್ಟು ಉದ್ದ ಇದೆ ಅಂತ ಗಮನಿಸಿದ್ದೀರಾ? ಮಂಗಳವಾರ ಅಂಗಡಿಯೇ ಇಲ್ಲ. ಶನಿವಾರ ಕೆಲವರು ಬರೋಲ್ಲ. ಅಮಾವಾಸ್ಯೆ ಆಗೋಲ್ಲ, ಗ್ರಹಣ ಆಗೋಲ್ಲ, ಹುಟ್ಟಿದ ವಾರ ಆಗೋಲ್ಲ. ಹೆಂಡತಿ ಬಸುರಿ ಅಂತ ಗಡ್ಡ ಬಿಟ್ಟವರಿದ್ದಾರೆ. ಕಾರ್ತಿಕ ಬಂತೆಂದರೆ ಅಯ್ಯಪ್ಪ ಮಾಲೆ, 41 ದಿನ ಬ್ಲೇಡು ಮುಟ್ಟುವಂತಿಲ್ಲ. ಇವರೆಲ್ಲ ಈ ದಿನಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಒಟ್ಟಿಗೆ ಬಂದು ‘ಬೇಗ ಮಾಡಪ್ಪ’ ಅನ್ನುತ್ತಾರೆ. ಮೈಸೂರು, ಮಂಡ್ಯ ಕಡೆ ಕ್ಷೌರಿಕರ ಸಮುದಾಯವಾದ ಸವಿತಾ ಸಮಾಜದ ಎಷ್ಟೋ ಮನೆಗಳಲ್ಲಿ ನಾದಸ್ವರ, ಡೋಲು ಇನ್ನೂ ಉಳಿದಿದೆ. ಲಗ್ನದ ಕಾಲದಲ್ಲಿ ಅಂಗಡಿ ಬಾಗಿಲು ಹಾಕಿದ್ದರೆ ಅವರು ಛತ್ರದಲ್ಲಿರುತ್ತಾರೆ. ಸಂಗೀತದ ಮೇಲಿನ ಪ್ರೀತಿ ಇದ್ದೇ ಇದೆ. ಜೊತೆಗೆ ಖಾಲಿ ದಿನಗಳ ನಷ್ಟವೂ ಒಂದಿಷ್ಟು ತುಂಬುತ್ತದೆ.

ಇನ್ನು ನಿಮ್ಮ ರೋಲ್ಸ್ ರಾಯ್ಸ್. ಆ ಬೆಂಗಳೂರಿನವರು ದುಡ್ಡು ಮಾಡಿದ್ದು ಕಾರುಗಳನ್ನು ಬಾಡಿಗೆಗೆ ಬಿಟ್ಟು. ಕತ್ತರಿಯಿಂದ ಅಲ್ಲ. ಆ ಕಥೆಯನ್ನು ಎಲ್ಲ ಸಲೂನಿಗೂ ಅಂಟಿಸಬೇಡಿ.

ಈ ಕಸುಬಿನಲ್ಲಿ ಕೈ ನಿಂತರೆ ಏನಾಗುತ್ತದೆ ಅಂತ 2020ರ ಕೊರೊನಾ ಲಾಕ್‌ಡೌನ್‌ನಲ್ಲಿ ನೋಡಿದೆವು. ಮಾರ್ಚ್ ಕೊನೆಯಲ್ಲಿ ಹಾಕಿದ ಬಾಗಿಲು ತೆಗೆದದ್ದು ಮೇ ತಿಂಗಳ ನಡುವಿನ ನಂತರ. ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಮರುವರ್ಷದ ಎರಡನೇ ಅಲೆಯಲ್ಲಿ ಅದು 2,000ಕ್ಕೆ ಇಳಿಯಿತು. ಮೇಲೆ ಹಾಕಿದ ಬಾಡಿಗೆ ಲೆಕ್ಕದ ಪಕ್ಕ ಈ ಎರಡು ಅಂಕಿ ಇಟ್ಟು ನೋಡಿ. ಆಗ ನಾವೆಲ್ಲ ಮನೆಯಲ್ಲಿ ಟ್ರಿಮ್ಮರ್ ಹಿಡಿದು ಒಬ್ಬರ ತಲೆ ಒಬ್ಬರು ಕೆಡಿಸಿಕೊಂಡೆವು. ಕಟಿಂಗ್ ಅಂದರೆ ಕೈಚಳಕ ಅಂತ ಗೊತ್ತಾಗಿದ್ದೇ ಆಗ, ಅಲ್ವಾ?

ನಿಮ್ಮ ಪತ್ರದಲ್ಲಿ ನನಗೆ ಒಪ್ಪಲಾಗದ ಸಾಲು ‘ಕಟ್ಟೆಯೂ ವ್ಯಾಪಾರ ಆಗಿಬಿಟ್ಟರೆ’ ಅನ್ನೋದು. ನಾನು ಹೇಳುವುದು ಉಲ್ಟಾ. ಅದು ವ್ಯಾಪಾರ ಆದ ಮೇಲೇ ಎಲ್ಲರ ಕಟ್ಟೆ ಆಗಿದ್ದು.

ಹಳ್ಳಿಯಲ್ಲಿ ಹಿಂದೆ ಇದು ಹೇಗಿತ್ತು ನೆನಪಿಸಿಕೊಳ್ಳಿ. ಕ್ಷೌರಿಕರು ಊರಿನ ಆಯಗಾರರಲ್ಲಿ ಒಬ್ಬರು. ವರ್ಷವಿಡೀ ಮನೆಮನೆಗೆ ಹೋಗಿ ಕೆಲಸ ಮಾಡಬೇಕು. ಸುಗ್ಗಿಯಲ್ಲಿ ಕಣದ ಹತ್ತಿರ ನಿಂತರೆ ಒಂದಿಷ್ಟು ಭತ್ತ, ರಾಗಿ ಆಯ ಅಂತ ಅಳೆಯುತ್ತಿದ್ದರು. ಎಷ್ಟು ಅಳೆಯಬೇಕು ಅಂತ ತೀರ್ಮಾನಿಸುವವರು ಕಣದ ಯಜಮಾನರು. ಯಾರ ತಲೆ ಮುಟ್ಟಬೇಕು, ಯಾರದನ್ನು ಮುಟ್ಟಬಾರದು ಅನ್ನೋದನ್ನೂ ಅವರೇ ಹೇಳುತ್ತಿದ್ದರು. ಕತ್ತಿ ಹಿಡಿದವರಿಗೆ ಮಾತಿಲ್ಲ.

ಹಾಗಂತ ಇತಿಹಾಸದಲ್ಲಿ ಇವರು ದನಿಯೇ ಎತ್ತಿಲ್ಲ ಅಂತಲ್ಲ. 16ನೇ ಶತಮಾನದಲ್ಲಿ ಬಾದಾಮಿಯ ಕೊಂಡೋಜ ಅನ್ನುವ ಕ್ಷೌರಿಕ ವಿಜಯನಗರದ ಅಳಿಯ ರಾಮರಾಯನ ಮೆಚ್ಚುಗೆ ಗಳಿಸಿದ. ತನಗೊಬ್ಬನಿಗೆ ಊರು ಉಂಬಳಿ ತೆಗೆದುಕೊಂಡು ಸುಮ್ಮನಾಗಲಿಲ್ಲ. ತನ್ನ ಕಸುಬಿನವರ ಮೇಲಿದ್ದ ತೆರಿಗೆ, ಬಿಟ್ಟಿ ಚಾಕರಿಗಳನ್ನೇ ತೆಗೆಸಿದ. ನಾಡಿನ ಬೇರೆ ಬೇರೆ ಕಡೆ ಈ ವಿನಾಯಿತಿಯನ್ನು ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಅದಕ್ಕೂ ನಾಲ್ಕು ಶತಮಾನ ಮುಂಚೆ, ಈ ಕಸುಬಿನವರು ತಮ್ಮವರೆಂದು ನೆನೆಯುವ ಹಡಪದ ಅಪ್ಪಣ್ಣ ಕಲ್ಯಾಣದಲ್ಲಿ ಬಸವಣ್ಣನ ಪಕ್ಕದಲ್ಲೇ ಇದ್ದವರು, ವಚನ ಬರೆದವರು. ಆದರೆ ಊರ ಕಣದಲ್ಲಿ ಅಳತೆ ಬದಲಾಗಲಿಲ್ಲ.

ಬದಲಾಗಿದ್ದು ಪೇಟೆಯಲ್ಲಿ. ಒಂದು ಬಾಡಿಗೆ ಮಳಿಗೆ, ಒಂದು ಕುರ್ಚಿ, ಗೋಡೆ ಮೇಲೆ ಒಂದು ದರಪಟ್ಟಿ. ಇಷ್ಟೇ. ಯಾರು ಬಂದರೂ ಅದೇ ಕುರ್ಚಿ, ಅದೇ ದರ, ಅದೇ ಪಾಳಿ. 1948ರಲ್ಲಿ ಸಂವಿಧಾನ ಸಭೆಯಲ್ಲಿ ಅಂಗಡಿಗಳಲ್ಲಿ ಭೇದ ಮಾಡಬಾರದು ಅನ್ನುವ ವಿಧಿ ಚರ್ಚೆಗೆ ಬಂತು. ಅಂಗಡಿಯ ಹಕ್ಕು ಅಂದರೆ ಬರೀ ಒಳಗೆ ಕಾಲಿಡುವ ಹಕ್ಕಲ್ಲ, ಷರತ್ತು ಒಪ್ಪಿದವರಿಗೆ ಸೇವೆಯನ್ನೂ ಕೊಡಬೇಕು ಎಂದು ಅಂಬೇಡ್ಕರ್ ಅಲ್ಲಿ ಸ್ಪಷ್ಟಪಡಿಸಿದರು. ಈಗ ಅದು 15ನೇ ವಿಧಿಯಲ್ಲಿದೆ. ಷರತ್ತು ಬರೆದಿರುವುದು ಎಲ್ಲಿ? ನೀವು ಬೈಯುತ್ತಿರುವ ಆ ಬೋರ್ಡಿನ ಮೇಲೆ.

ಹಳೇ ಕಥೆ ಅನ್ನಬೇಡಿ. ನಮ್ಮ ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ 2020ರ ನವೆಂಬರಿನಲ್ಲಿ ಏನಾಯಿತು ಪತ್ರಿಕೆಗಳಲ್ಲಿ ಬಂದಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಕಟಿಂಗ್ ಮಾಡಿದ್ದಕ್ಕೆ ಅಲ್ಲಿನ ಕ್ಷೌರಿಕರಿಗೆ ಬಹಿಷ್ಕಾರ, 50,000 ರೂಪಾಯಿ ದಂಡ. ಪರಿಶಿಷ್ಟರಿಂದ ಜಾಸ್ತಿ ದರ ವಸೂಲಿ ಮಾಡಬೇಕು ಅಂತ ಒತ್ತಡ ಇತ್ತು ಅಂತಲೂ ಕ್ಷೌರಿಕರು ದೂರಿದ್ದರು. ಎಲ್ಲರಿಗೂ ಒಂದೇ ದರ ಇಟ್ಟಿದ್ದೇ ಅವರ ತಪ್ಪು. ಇದಾದ ಮೇಲೂ ದರಪಟ್ಟಿಯನ್ನು ದುರಾಸೆಯ ಗುರುತು ಅಂದರೆ ಹೇಗೆ? ಹೆಂಗಸರಿಗೆ ಈ ಕಟ್ಟೆ ಇಂದಿಗೂ ಇಲ್ಲ ಅನ್ನೋದನ್ನೂ ಮರೆಯಬಾರದು. ಅವರ ಮಾತುಕತೆ ಟೈಲರ್ ಅಂಗಡಿಯಲ್ಲೋ ಬ್ಯೂಟಿ ಪಾರ್ಲರಿನಲ್ಲೋ ನಡೆಯುತ್ತದೆ. ಅದರ ಬಗ್ಗೆ ನಾನಲ್ಲ, ಬಲ್ಲವರು ಬರೆಯಬೇಕು.

ಹಾಗಾದರೆ ಹರಟೆಯ ಕಥೆ? ಅದನ್ನು ಉಳಿಸಿರುವುದು ಕಾಯುವಿಕೆ. ಕೆಲಸ ಇಲ್ಲದೆ ಅರ್ಧ ಗಂಟೆ ಅಪರಿಚಿತರ ಪಕ್ಕ ಕೂರುವ ಜಾಗ ಊರಿನಲ್ಲಿ ಇನ್ನೆಲ್ಲಿದೆ? ಮಂಡ್ಯದ ಸಲೂನಿನಲ್ಲಿ ಮಳೆಗಾಲಕ್ಕೆ ಕೂತು ನೋಡಿ. ಮೊದಲ ಮಾತು ಕನ್ನಂಬಾಡಿಯಲ್ಲಿ ಇವತ್ತು ನೀರೆಷ್ಟು. 124.80 ಅಡಿ ತುಂಬುತ್ತದೋ ಇಲ್ಲವೋ ಅಂತ ಬೆಂಚಿನ ಮೇಲೇ ಪಂಚಾಯ್ತಿ. ಆಮೇಲೆ ಮೈಶುಗರ್ ಈ ಸಲ ಕಬ್ಬು ಅರೆಯುತ್ತಾ, ನಾಲೆಗೆ ನೀರು ಯಾವಾಗ ಬಿಡುತ್ತಾರೆ. ಮೈಸೂರಿನಲ್ಲಿ ಮಾತಿನ ದಾರಿಯೇ ಬೇರೆ. ದಸರಾಕ್ಕೆ ಯಾವ ರಸ್ತೆ ಬಂದ್, ರಿಂಗ್ ರೋಡಿನಾಚೆ ಸೈಟಿಗೆ ಎಷ್ಟಾಯಿತು. ಕತ್ತರಿ ಹಿಡಿದವರು ಇವೆಲ್ಲಕ್ಕೂ ‘ಹೌದೌದು’ ಅನ್ನುತ್ತಾರೆ. ಎರಡೂ ಪಕ್ಷದವರಿಗೂ ಅದೇ ‘ಹೌದೌದು’. ಗಿರಾಕಿ ಉಳಿಸಿಕೊಳ್ಳುವ ಕಲೆ ಅದು. ಯಾರಿಗೆ ಬಾಡಿಗೆ ಮನೆ ಬೇಕು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರು ಸೈಕಲ್ ಮಾರುತ್ತಾರೆ, ಎಲ್ಲ ಅವರಿಗೆ ಗೊತ್ತು.

ಪತ್ರಿಕೆಯವನಾಗಿ ನನಗೊಂದು ಸ್ವಾರ್ಥವೂ ಇದೆ. ಮೈಸೂರಿನ ಪತ್ರಿಕೆಗಳಲ್ಲಿ 1972ರಲ್ಲಿ ಶುರುವಾದ ‘ಆಂದೋಲನ’ವಾಗಲಿ, 1978ರ ‘ಮೈಸೂರು ಮಿತ್ರ’ವಾಗಲಿ, ಸಲೂನಿನ ಬೆಂಚಿನ ಮೇಲೆ ಓದಿಸಿಕೊಂಡಷ್ಟು ಮನೆಯ ಸೋಫಾದ ಮೇಲೆ ಓದಿಸಿಕೊಂಡಿರಲಾರವು. ಒಂದು ಪ್ರತಿ, ನಾಲ್ಕು ಹಾಳೆ, ನಾಲ್ಕು ಜನ. ನಮ್ಮ ಪತ್ರಿಕೆಗೂ ಅಲ್ಲಿ ಮುಖಪುಟ ಹರಿಯುವ ಭಾಗ್ಯ ಸಿಕ್ಕಿದೆ. ಮಾರಾಟದ ಲೆಕ್ಕದಲ್ಲಿ ಈ ಓದುಗರು ಬರೋದಿಲ್ಲ, ಪತ್ರ ಬರೆಯುವುದರಲ್ಲಿ ಮಾತ್ರ ಮುಂದು!

ಎಸಿ ಸಲೂನಿನಲ್ಲಿ ಈ ಕಾಯುವಿಕೆಯೇ ಇಲ್ಲ. ಆ್ಯಪ್‌ನಲ್ಲಿ ಸಮಯ ಹಿಡಿದು ಹೋಗಬೇಕು, ಕೂರಬೇಕು, ಎದ್ದು ಬರಬೇಕು. ಅದು ತಪ್ಪೇನಲ್ಲ, ಅವಸರದವರಿಗೆ ಬೇಕು. ಆದರೆ ನಿಮಗೆ ತಿಳಿದಿರಲಿ: ಸಲೂನ್ ಸೇವೆಗೆ ಶೇ. 18 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5 ಆಗಿದೆ. ಲಾಭ ಯಾರಿಗೆ? ತೆರಿಗೆ ಹಾಕುತ್ತಿದ್ದ ದೊಡ್ಡ ಅಂಗಡಿಗೆ. ನಿಮ್ಮ ಬೀದಿಯವರು ಮೊದಲೂ ತೆರಿಗೆ ಹಾಕುತ್ತಿರಲಿಲ್ಲ. ಅವರ ದರ ಇಳಿಯಲು ಏನೂ ಇಲ್ಲ. ಇಬ್ಬರ ನಡುವಿನ ಅಂತರ ಮಾತ್ರ ಕಿರಿದಾಯಿತು.

‘ಕ್ಯಾಶ್ ಮಾತ್ರ’ದ ವಿಷಯ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್‌ನವರು ಹೆದರಿದ್ದು ನೋಡಿ ಉಳಿದವರೂ ಸ್ಕ್ಯಾನರ್ ಕಿತ್ತರು. ಭಯ ಅರ್ಥವಾಗುತ್ತದೆ. ಆದರೆ ಸೇವೆ ಕೊಡುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದದ್ದು ವರ್ಷದ ವಹಿವಾಟು 20 ಲಕ್ಷ ದಾಟಿದರೆ. ಅಂದರೆ ತಿಂಗಳಿಗೆ ಸುಮಾರು 1,66,000. ಎರಡು ಕುರ್ಚಿಯಲ್ಲಿ ಅಷ್ಟು ಸುಲಭವಾಗಿ ಹುಟ್ಟೋಲ್ಲ. ತೊಂದರೆ ಬರುವುದು ಕೈಸಾಲ, ಚೀಟಿ ದುಡ್ಡು ಎಲ್ಲ ಅಂಗಡಿಯ ಅದೇ ನಂಬರಿಗೆ ಹಾಕಿಸಿಕೊಂಡಾಗ. ಅಂಗಡಿಗೊಂದು ಖಾತೆ, ಮನೆಗೊಂದು ಖಾತೆ ಇಟ್ಟರೆ ಸಾಕು. ಮುಂದಿನ ಸಲ ಹೋದಾಗ ನೀವೇ ಹೇಳಿ. ಜೊತೆಗೆ ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆಯೂ ಹೇಳಿ. 2023ರ ಸೆಪ್ಟೆಂಬರಿನಲ್ಲಿ ಬಂದ ಈ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಇದೆ. ಉಪಕರಣಕ್ಕೆ 15,000, ಅಡಮಾನ ಇಡದೆ ಶೇ. 5 ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದರೆ 2 ಲಕ್ಷ ಸಾಲ. ಕೈಸಾಲದ ಬಡ್ಡಿಗಿಂತ ಎಷ್ಟೋ ವಾಸಿ.

ಸಮಾಜಸೇವೆ ಕಲಿಸಬೇಕು ಅಂದಿರಿ. ಬಿಪಿ ವಿಷಯದಲ್ಲಿ ನಿಮ್ಮ ಯೋಚನೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ. ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಇದನ್ನು ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ್ದಾರೆ. 52 ಸಲೂನು, ಬಿಪಿ ಜಾಸ್ತಿ ಇದ್ದ 319 ಕಪ್ಪುಜನಾಂಗದ ಗಂಡಸರು. ಒಂದಿಷ್ಟು ಅಂಗಡಿಗಳಲ್ಲಿ ಕ್ಷೌರಿಕರು ‘ಡಾಕ್ಟರ ಹತ್ತಿರ ಹೋಗಿ’ ಅಂತ ಬುದ್ಧಿ ಹೇಳಿದರು. ಇನ್ನೊಂದಿಷ್ಟು ಕಡೆ ಔಷಧ ಕೊಡಬಲ್ಲ ಫಾರ್ಮಸಿಸ್ಟ್ ಅಂಗಡಿಗೇ ಬಂದರು. ಆರು ತಿಂಗಳಲ್ಲಿ ಮೊದಲಿನವರ ಮೇಲಿನ ಬಿಪಿ ಸರಾಸರಿ 9 ಅಂಕ ಇಳಿಯಿತು. ಎರಡನೆಯವರದು 27. ನಂಬಿಕೆ ಸಲೂನಿನದು, ಔಷಧದ ಕೆಲಸ ಬಲ್ಲವರದು. ಎರಡೂ ಸೇರಿದ್ದಕ್ಕೆ ಅಷ್ಟು ಫಲ. ಆದ್ದರಿಂದ ಕ್ಷೌರಿಕರಿಗೆ ಇನ್ನೊಂದು ಬಿಟ್ಟಿ ಚಾಕರಿ ಹೊರಿಸುವ ಬದಲು, ಆರೋಗ್ಯ ಇಲಾಖೆಯವರು ಭಾನುವಾರ ಬೆಳಗ್ಗೆ ಒಬ್ಬ ನರ್ಸನ್ನು ಆ ಬೆಂಚಿಗೆ ಕಳಿಸಲಿ. ಪುಸ್ತಕದ ಮಾತು ಬೇರೆ. ತಮಿಳುನಾಡಿನ ತೂತ್ತುಕುಡಿಯಲ್ಲಿ ಕ್ಷೌರಿಕರೊಬ್ಬರು ಅಂಗಡಿಯಲ್ಲಿ ಗ್ರಂಥಾಲಯ ಇಟ್ಟು, ಓದಿದವರಿಗೆ ದರ ಕಡಿಮೆ ಮಾಡಿದ್ದು ದೊಡ್ಡ ಸುದ್ದಿಯಾಗಿತ್ತು. ಅದು ಅವರ ಸ್ವಂತ ಹುಚ್ಚು. ಹೇಳಿ ಮಾಡಿಸುವಂಥದ್ದಲ್ಲ. ನಿಮಗೆ ಆಸೆ ಇದ್ದರೆ ನಿಮ್ಮ ಮನೆಯ ಹತ್ತು ಪುಸ್ತಕ ಕೊಂಡೊಯ್ದು ಇಡಿ, ಬೇಡ ಅನ್ನಲಾರರು.

ಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದೀರಿ: ‘ಕೊನೆಯಲ್ಲಿ ಕುತ್ತಿಗೆ ತಿರುಗಿಸಿ ಲಟಕ್ ಅಂತ ನೆಟಿಕೆ ತೆಗೆಯುತ್ತಾರೆ, ಅದಕ್ಕೆ ದುಡ್ಡು ತಗೊಳ್ಳೋಲ್ಲ.’ ಇದೊಂದನ್ನು ದಯವಿಟ್ಟು ಬೇಡ ಅನ್ನಿ. ಕುತ್ತಿಗೆಯನ್ನು ಹಾಗೆ ಜೋರಾಗಿ ತಿರುಚಿದಾಗ ಮೆದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳಿವೆ. ಅದರ ಬದಲು ತಲೆಗೆ ಎಣ್ಣೆ ಹಾಕಿ ತಟ್ಟಿಸಿಕೊಳ್ಳಿ. ಅದಕ್ಕೆ ದುಡ್ಡು ಕೊಡಬೇಕಾಗುತ್ತದೆ.

– ಸಂ.