ಕಾರಿಗೆ ಹೊರಗಡೆ ಅಂಗಡಿಯಲ್ಲಿ ಫಾಗ್ ಲ್ಯಾಂಪ್, ಕ್ಯಾಮೆರಾ ಹಾಕಿಸುವಾಗ ವೈರಿಂಗ್ ಹಾಳಾಗದಂತೆ ಏನು ನೋಡಿಕೊಳ್ಳಬೇಕು?

ನೀವು ಕುಶಾಲನಗರದವರು, ಕಾರಿಗೆ ಎಂಟು ವರ್ಷ, ವಾರಕ್ಕೆರಡು ಸಲ ಮಡಿಕೇರಿ ಹತ್ತಬೇಕು, ಮಂಜಿಗೆ ಫಾಗ್ ಲ್ಯಾಂಪೂ ಹಿಂದಕ್ಕೆ ಕ್ಯಾಮೆರಾವೂ ಬೇಕು, ಆದರೆ ಹೊರಗಡೆ ಹಾಕಿಸಿದರೆ ವೈರಿಂಗ್ ಕೆಟ್ಟುಹೋಗುತ್ತೆ ಅಂತ ಎಲ್ಲರೂ ಹೆದರಿಸುತ್ತಾರೆ ಎಂದು ಬರೆದಿದ್ದೀರಿ. ಹೆದರಿಸುವವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ನನ್ನ ಕಾರಿನಲ್ಲೇ ಆಗಿದೆ. ಆದರೆ ಕೆಡಿಸಿದ್ದು ಲ್ಯಾಂಪಲ್ಲ. ಅದಕ್ಕೆ ಕರೆಂಟನ್ನು ಎಲ್ಲಿಂದ ಎಳೆದರು ಅನ್ನುವುದು.

ನನ್ನದು ಮದೆನಾಡು ಕಡೆ ಸಣ್ಣ ತೋಟ. ಮಳೆಗಾಲದಲ್ಲಿ ಸಂಪಾಜೆ ಘಾಟಿಯ ಮಂಜೆಂದರೆ ಬಾನೆಟ್ಟಿನ ತುದಿ ಕಂಡರೆ ಪುಣ್ಯ. ಒಂದು ಬೇಸಗೆಯಲ್ಲಿ ಅಂಗಡಿಯೊಂದಕ್ಕೆ ಹೋಗಿ 55 ವ್ಯಾಟಿನ ಎರಡು ಫಾಗ್ ಲ್ಯಾಂಪ್ ಹಾಕಿಸಿದೆ. ಹುಡುಗ ಅರ್ಧ ಗಂಟೆಯಲ್ಲಿ ಮುಗಿಸಿಕೊಟ್ಟ. ಖುಷಿಪಟ್ಟೆ, ಅನುಮಾನ ಪಡಬೇಕಿತ್ತು. ಅವನು ಮಾಡಿದ್ದಿಷ್ಟೇ: ಪಾರ್ಕಿಂಗ್ ಲೈಟಿನ ವೈರನ್ನು ಬ್ಲೇಡಿನಲ್ಲಿ ಕೆರೆದು, ಹೊಸ ವೈರನ್ನು ಅದಕ್ಕೇ ಸುತ್ತಿ, ಮೇಲೊಂದು ಟೇಪು.

ಲೆಕ್ಕ ಹಾಕಿ ನೋಡಿ. ಎರಡು ಲ್ಯಾಂಪಿಗೆ 110 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 9.2 ಆಂಪಿಯರ್. ನನ್ನ ಕಾರಿನಲ್ಲಿ ಆ ಲೈನಿಗಿದ್ದದ್ದು 10 ಆಂಪಿಯರಿನ ಕೆಂಪು ಫ್ಯೂಸ್. ಪಾರ್ಕಿಂಗ್, ಹಿಂದಿನ ದೀಪ, ನಂಬರ್ ಪ್ಲೇಟು, ಮೀಟರಿನ ಬೆಳಕು ಎಲ್ಲ ಸೇರಿ ಎರಡು ಎರಡೂವರೆ ಆಂಪಿಯರ್ ಅದರ ಮೇಲೆ ಮೊದಲೇ ಇತ್ತು. ಫ್ಯೂಸ್ ಹೋಗತೊಡಗಿತು. ಇನ್ನೊಬ್ಬ ಮಹಾನುಭಾವ 20 ಆಂಪಿಯರಿನ ಹಳದಿ ಫ್ಯೂಸ್ ತುರುಕಿ, "ಇನ್ನು ಹೋಗಲ್ಲ ಸಾರ್" ಅಂದ. ನಿಜ, ಫ್ಯೂಸ್ ಹೋಗಲೇ ಇಲ್ಲ. ಫ್ಯೂಸ್ ಇರುವುದು ವೈರನ್ನು ಉಳಿಸಲಿಕ್ಕೆ. ಅದನ್ನು ದೊಡ್ಡದು ಮಾಡಿದರೆ ಸುಡುವ ಕೆಲಸ ವೈರಿನ ಪಾಲಿಗೆ ಬರುತ್ತದೆ. ಎರಡನೇ ಮಳೆಗಾಲದಲ್ಲಿ ಒಂದು ರಾತ್ರಿ ಸುಳ್ಯದಿಂದ ಮನೆಗೆ ಬರುವಾಗ ಘಾಟಿಯ ಮಧ್ಯದಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ, ಮೀಟರ್ ಕತ್ತಲು, ಹಿಂದಿನ ದೀಪವೂ ಇಲ್ಲ. ಬೆನ್ನಿಗೇ ಒಂದು ಬಸ್ಸು. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಹೇಗೋ ಮನೆ ಸೇರಿದೆ. ಮರುದಿನ ಡ್ಯಾಶ್‌ಬೋರ್ಡ್ ಬಿಚ್ಚಿದರೆ ಆ ವೈರು ಕರಗಿ ಪಕ್ಕದ ನಾಲ್ಕು ವೈರುಗಳಿಗೆ ಅಂಟಿ ಕೂತಿತ್ತು. ರಿಪೇರಿಗೆ ಲ್ಯಾಂಪಿಗಿಂತ ಹೆಚ್ಚು ದುಡ್ಡು ಹೋಯಿತು.

ಅಲ್ಲಿಂದ ನಾನು ಹಿಡಿದುಕೊಂಡ ಸೂತ್ರ ಒಂದೇ: ಕಂಪನಿ ವೈರಿನಿಂದ ಆನ್, ಆಫ್ ಅನ್ನುವ ಸುದ್ದಿ ಮಾತ್ರ ತಗೊಳ್ಳಬೇಕು, ಕರೆಂಟನ್ನು ಬ್ಯಾಟರಿಯಿಂದಲೇ ತರಬೇಕು. ಈ ಸುದ್ದಿ ಮುಟ್ಟಿಸುವ ಸಾಮಾನೇ ರಿಲೇ. ನಾಲ್ಕು ಕಾಲಿನ ಸಣ್ಣ ಡಬ್ಬಿ, ಕಾಲಿನ ಪಕ್ಕದಲ್ಲೇ ನಂಬರು ಇರುತ್ತದೆ. 30ಕ್ಕೆ ಬ್ಯಾಟರಿಯ ಪ್ಲಸ್, 87ರಿಂದ ಲ್ಯಾಂಪಿಗೆ, 86ಕ್ಕೆ ಪಾರ್ಕಿಂಗ್ ವೈರಿನಿಂದ ಸ್ವಿಚ್ಚಿನ ಮೂಲಕ ಬರುವ ವೈರು, 85 ಅರ್ತಿಗೆ, ಅಂದರೆ ಕಾರಿನ ಬಾಡಿಯ ತಗಡಿಗೆ. ಸ್ವಿಚ್ಚಿನ ಕಡೆ ಹರಿಯುವುದು ಹೆಚ್ಚೆಂದರೆ 0.2 ಆಂಪಿಯರ್. ಅಷ್ಟನ್ನು ಪಾರ್ಕಿಂಗ್ ವೈರು ಧಾರಾಳವಾಗಿ ಹೊರುತ್ತದೆ. ಬ್ಯಾಟರಿಯಿಂದ ಬರುವ ವೈರು 2.5 ಸ್ಕ್ವೇರ್ ಎಂಎಂ ಇರಲಿ, ಅದಕ್ಕೆ 15 ಆಂಪಿಯರಿನ ನೀಲಿ ಫ್ಯೂಸ್. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಲ್ಯಾಂಪಿನ ಹತ್ತಿರ ಹಾಕಿದರೆ ನಡುವಿನ ವೈರು ಕಾರಿನ ತಗಡಿಗೆ ತಾಗಿ ಶಾರ್ಟ್ ಆದಾಗ ಕೇಳುವವರೇ ಇರುವುದಿಲ್ಲ. 20 ವ್ಯಾಟಿನ ಎಲ್‌ಇಡಿ ಜೋಡಿಗೆ ಕರೆಂಟ್ ಕಡಿಮೆ ಸಾಕು, ಆದರೂ ರಿಲೇ ಬಿಡಬೇಡಿ. (ಲ್ಯಾಂಪನ್ನು ಬಂಪರಿನ ಕೆಳಗೇ ಹಾಕಿಸಿ. ಜೀಪಿನವರ ಹಾಗೆ ಮೇಲೆ ಎಲ್‌ಇಡಿ ಬಾರ್ ಏರಿಸಿದರೆ ಮಂಜಿನಲ್ಲಿ ಮುಂದೆ ಬಿಳಿ ಗೋಡೆ ನಿಂತ ಹಾಗೆ ಕಾಣುತ್ತದೆ.) ಹೆಡ್‌ಲೈಟಿಗೆ 100/90 ವ್ಯಾಟಿನ ಬಲ್ಬ್ ಹಾಕಿಸಿ ಅಂತಲೂ ಹೇಳುತ್ತಾರೆ. ಬೇಡ. ಕಾರಿನ ವೈರು, ಹೋಲ್ಡರ್ ಎಲ್ಲ 60/55ಕ್ಕೆ ಮಾಡಿದ್ದು. ಮೊದಲು ಕರಗುವುದು ಹೋಲ್ಡರ್.

ಇನ್ನು ನೀರು. ಬಯಲುಸೀಮೆಯಲ್ಲಿ ಕೆಟ್ಟ ಜಾಯಿಂಟೂ ಐದು ವರ್ಷ ನಡೆದೀತು. ನಮ್ಮಲ್ಲಿ ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ, ಬಾನೆಟ್ಟಿನೊಳಗೆ ಒಣಗಲಿಕ್ಕೆ ಪುರಸೊತ್ತೇ ಇಲ್ಲ. ವೈರಿನ ಮೇಲೆ ಕಚ್ಚಿಸಿ ಒತ್ತುವ ಪ್ಲಾಸ್ಟಿಕ್ ಕ್ಲಿಪ್ ಬರುತ್ತದಲ್ಲ, ಅದನ್ನು ಬಾನೆಟ್ಟಿನೊಳಗೆ ಹಾಕಲು ಬಿಡಲೇಬೇಡಿ. ಅದು ತಾಮ್ರದ ಎಳೆಗಳನ್ನೂ ಕೊಯ್ಯುತ್ತದೆ, ಆ ಗಾಯದಲ್ಲಿ ನೀರು ಇಳಿದು ತಾಮ್ರ ಹಸಿರಾಗುತ್ತದೆ. ಕರೆಂಟ್ ಇದೆಯಾ ಅಂತ ವೈರಿಗೆ ಸೂಜಿ ಚುಚ್ಚಿ ನೋಡುವ ಅಭ್ಯಾಸವೂ ಅಷ್ಟೇ ಕೆಟ್ಟದ್ದು: ತೂತು ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಕಾಣುತ್ತದೆ. ವೈರಿನ ತುದಿಗೆ ಲಗ್ (ಲೋಹದ ಕೊಂಡಿ) ಹಾಕಿ ಸರಿಯಾದ ಇಕ್ಕಳದಲ್ಲಿ ಒತ್ತಿಸಿ, ಅದರ ಮೇಲೆ ಹೀಟ್ ಶ್ರಿಂಕ್ ಹಾಕಿಸಿ, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ, ಒಳಗೆ ಗಮ್ ಇರುವ ಕೊಳವೆ. ಬೆಸುಗೆ ಇನ್ನೂ ಗಟ್ಟಿಯಲ್ಲವೇ ಅನ್ನಿಸಬಹುದು. ಆದರೆ ಸೀಸ ಇಳಿದಷ್ಟು ದೂರ ವೈರು ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ. ತೋಟದ ದಾರಿಯ ಕುಲುಕಾಟಕ್ಕೆ ಸೀಸ ಮುಗಿಯುವ ಜಾಗದಲ್ಲೇ ಮುರಿಯುತ್ತದೆ. ಬರೀ ಕಪ್ಪು ಟೇಪು ಇಂಜಿನ್ನಿನ ಬಿಸಿಗೆ ಅಂಟು ಬಿಟ್ಟು ಬಾಲದ ಹಾಗೆ ನೇತಾಡುವುದನ್ನು ನೀವೂ ನೋಡಿರಬಹುದು.

ರಿಲೇ ಮತ್ತು ಫ್ಯೂಸ್ ಹೋಲ್ಡರಿನ ಬಾಯಿ ಕೆಳಮುಖವಾಗಿರಲಿ. ಲ್ಯಾಂಪಿಗೆ ಸೇರುವ ಮೊದಲು ವೈರು ಸ್ವಲ್ಪ ಕೆಳಗಿಳಿದು ಮೇಲೆ ಹತ್ತಬೇಕು, ಆಗ ಹನಿ ಕಪ್ಲರಿನೊಳಗೆ (ವೈರು ಸಿಕ್ಕಿಸುವ ಪ್ಲಾಸ್ಟಿಕ್ ಜೋಡಣೆ) ಹೋಗದೆ ಕೆಳಗೇ ಉದುರುತ್ತದೆ. ಅರ್ತ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು, ಲಗ್ಗನ್ನು ಬೋಲ್ಟಿನಲ್ಲಿ ಬಿಗಿದು, ಮೇಲೆ ವ್ಯಾಸಲೀನ್ ಸವರಿಸಿ. ಲ್ಯಾಂಪ್ ಮಂಕಾಗಿದೆ, ಬಲ್ಬ್ ಸರಿಯಿಲ್ಲ ಎಂದು ಬರುವ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಈ ಅರ್ತಿನದ್ದೇ. ಇಂಜಿನ್ ಕಡೆಯಿಂದ ಕ್ಯಾಬಿನ್ನಿಗೆ ವೈರು ತರಲು ತಗಡಿಗೆ ಹೊಸ ತೂತು ಕೊರೆಸಬೇಡಿ, ಇರುವ ರಬ್ಬರ್ ಬುಷ್ಷಿನಲ್ಲೇ ತೂರಿಸಬಹುದು. ತಗಡಿನ ಅಂಚು ವೈರನ್ನು ಗರಗಸದ ಹಾಗೆ ತಿನ್ನುತ್ತದೆ. ಕಾರು ನಿಲ್ಲಿಸುವುದು ಕಾಫಿ ಮೂಟೆ, ಭತ್ತ ಇರುವ ಶೆಡ್ಡಿನಲ್ಲಾದರೆ ಇಲಿಯದ್ದು ಬೇರೆಯೇ ಕಥೆ. ಅದಕ್ಕೆ ನನ್ನಲ್ಲೂ ಮದ್ದಿಲ್ಲ, ಹೊರಗೆ ನಿಲ್ಲಿಸುತ್ತಿದ್ದೇನೆ.

ಕ್ಯಾಮೆರಾ ಸುಲಭ. ಅದು ಎಳೆಯುವ ಕರೆಂಟ್ ತೀರಾ ಕಡಿಮೆ, ರಿವರ್ಸ್ ಲೈಟಿನ ವೈರಿನಿಂದ ತೆಗೆದರೆ ತೊಂದರೆಯಿಲ್ಲ. ಕ್ಯಾಮೆರಾ ಡಿಕ್ಕಿ ಬಾಗಿಲಿನ ಮೇಲೆ ಬರುವುದಾದರೆ ವೈರು ಕಂಪನಿಯ ರಬ್ಬರ್ ಕೊಳವೆಯೊಳಗೇ ಹೋಗಲಿ, ಸ್ವಲ್ಪ ಸಡಿಲವೂ ಇರಲಿ. ಬಾಗಿಲು ತೆಗೆದು ಹಾಕಿ ಮಾಡುವಾಗ ಬಿಗಿ ವೈರು ಕಿತ್ತುಹೋಗುತ್ತದೆ. ಸ್ಕ್ರೀನಿಗಾಗಿ ಡ್ಯಾಶ್‌ಬೋರ್ಡ್ ಬಿಚ್ಚುವಾಗ ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದ್ದು. ಅದನ್ನು ಯಾರೂ ಮುಟ್ಟುವುದು ಬೇಡ. ಎಲ್ಲಕ್ಕೂ ಮೊದಲು ಬ್ಯಾಟರಿಯ ಮೈನಸ್ ಕಳಚಿರಬೇಕು, ಕೊನೆಗೆ ಸಿಕ್ಕಿಸುವುದೂ ಅದನ್ನೇ.

ಅಂಗಡಿಗೆ ಹೋದಾಗ ರೇಟು ಕೇಳುವ ಮೊದಲು "ಕರೆಂಟ್ ಎಲ್ಲಿಂದ ತಗೋತೀರಿ, ರಿಲೇ ಎಲ್ಲಿ ಕೂರಿಸ್ತೀರಿ" ಅಂತ ಕೇಳಿ. ತಡವರಿಸಿದರೆ ಬೇರೆ ಅಂಗಡಿ ನೋಡಿ. ಕೆಲಸ ಮುಗಿದ ಮೇಲೆ ಇಂಜಿನ್ ಓಡಿಸಿಕೊಂಡೇ ಲ್ಯಾಂಪನ್ನು ಕಾಲು ಗಂಟೆ ಉರಿಸಿ, ವೈರು, ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಅಲ್ಲೇ ಬಿಚ್ಚಿಸಿ. ವೋಲ್ಟ್ ಅಳೆಯುವ ಮೀಟರ್ ಇದ್ದರೆ ಬ್ಯಾಟರಿಯ ವೋಲ್ಟನ್ನೂ ಲ್ಯಾಂಪಿನ ಬಳಿಯ ವೋಲ್ಟನ್ನೂ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಯಾವುದೋ ಜಾಯಿಂಟ್ ಸಡಿಲವಿದೆ. ಮೇ ಮುಗಿಯುವುದರೊಳಗೆ ಹಾಕಿಸಿಬಿಡಿ. ಮೊದಲ ಜೋರು ಮಳೆ ಹೊಡೆದ ಮರುದಿನ ಒಮ್ಮೆ ಬಾನೆಟ್ ಎತ್ತಿ ಫ್ಯೂಸ್ ಹೋಲ್ಡರಿನ ಮುಚ್ಚಳ ತೆಗೆದು ನೋಡಿ. ಒಳಗೆ ಒಂದು ಹನಿ ಕಂಡರೂ ಅಂಗಡಿಯವನ ಹತ್ತಿರ ವಾಪಸ್ ಹೋಗಿ ಬೇರೆ ಜಾಗದಲ್ಲಿ ಕಟ್ಟಿಸಿ.