ಸೊಸೈಟಿಗೆ ಸಿಎಸ್‌ಆರ್ ಕಡ್ಡಾಯ ಅಂತ ಯಾರು ಹೇಳಿದ್ದು?

ಪ್ರಶ್ನೆ: ನಾನು ಕಾರ್ಕಳ ಕಡೆಯ ಹಾಲು ಸೊಸೈಟಿಯೊಂದರ ನಿರ್ದೇಶಕ. ಲಾಭದ ಶೇ 2ರಷ್ಟು ಸಿಎಸ್‌ಆರ್‌ಗೆ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಖರ್ಚು ಮಾಡುವುದು ಕಡ್ಡಾಯ, ಇಲ್ಲದಿದ್ದರೆ ದಂಡ ಬೀಳುತ್ತದೆ ಎಂದು ಸಲಹೆಗಾರರೊಬ್ಬರು ಹೇಳುತ್ತಿದ್ದಾರೆ. ವರದಿ ಮಾಡಿಕೊಡಲು ಫೀಸು ಬೇರೆ ಕೇಳಿದ್ದಾರೆ. ಕೊಡಬೇಕಾ? ನಾವು ಪ್ರತಿವರ್ಷ ಶಾಲೆ ಮಕ್ಕಳಿಗೆ ನೋಟ್‌ಬುಕ್ ಹಂಚುತ್ತೇವೆ. ಅದು ಸಾಕಲ್ವಾ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಆಡಿಟ್ ಮುಗಿಯುವ ಹೊತ್ತಿಗೆ ಈ ಸಲಹೆಗಾರರು ಎಲ್ಲಿಂದ ಎದ್ದು ಬರುತ್ತಾರೋ! ಶೇ 2ರ ಮಾತು ಇರುವುದು 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್‌ನಲ್ಲಿ. ಅದು ಕಂಪನಿಗಳಿಗೆ, ಅದರಲ್ಲೂ ದೊಡ್ಡವಕ್ಕೆ ಮಾತ್ರ. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿರಬೇಕು. ನಿಮ್ಮದು ಸಹಕಾರ ಸಂಘಗಳ ಕಾಯ್ದೆಯಲ್ಲಿ ನೋಂದಣಿಯಾದ ಸಂಘ, ಕಂಪನಿಯೇ ಅಲ್ಲ. ಅವರು ಇನ್ನೊಮ್ಮೆ ಬಂದರೆ, ‘ಯಾವ ಕಾಯ್ದೆ, ಯಾವ ಸೆಕ್ಷನ್, ಬರೆದು ಸಹಿ ಹಾಕಿ ಕೊಡಿ’ ಅನ್ನಿ. ಆಮೇಲೆ ಆ ಕಡೆ ತಲೆ ಹಾಕುವುದಿಲ್ಲ.

ಇನ್ನು ನೋಟ್‌ಬುಕ್. ಹಂಚಿ, ಬೇಡ ಅನ್ನುವುದಿಲ್ಲ. ಆದರೆ ಅದು ಯಾರ ದುಡ್ಡು ಮಾರಾಯ್ರೆ? ಹಾಲು ಹಾಕುವವರದ್ದು. ಪುಸ್ತಕದ ರಟ್ಟಿನ ಮೇಲೆ ಫೋಟೋ ಮಾತ್ರ ಅಧ್ಯಕ್ಷರದ್ದು! ಲಾಭದಲ್ಲಿ ಕನಿಷ್ಠ ಶೇ 25 ಮೊದಲು ಮೀಸಲು ನಿಧಿಗೆ ಹೋಗಬೇಕು. ಸಹಕಾರ ಶಿಕ್ಷಣ ನಿಧಿಯ ಪಾಲೂ ಇದೆ. ಬೋನಸ್, ಡಿವಿಡೆಂಡ್, ದಾನಧರ್ಮ ಎಲ್ಲ ಆಮೇಲೆ, ಕಾಯ್ದೆ ಮತ್ತು ಬೈಲಾದ ಮಿತಿಯೊಳಗೆ. ಒಂದು ಕೆಟ್ಟ ವರ್ಷವನ್ನು ತಡೆದುಕೊಳ್ಳುವಷ್ಟು ಮೀಸಲು ಇಲ್ಲದ ಸಂಘ ದೇಣಿಗೆ ಕೊಡಲೇಬಾರದು ಎಂಬುದು ನನ್ನ ಹಟ. ಕಂಜೂಸ್ ಅಂತಾರೆ, ಅನ್ನಲಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಾಲಿನ ಸೊಸೈಟಿಯ ಸಾಮಾಜಿಕ ಹೊಣೆ ಶುರುವಾಗುವುದು ಬೆಳಿಗ್ಗೆ ಹಾಲು ಅಳೆಯುವ ಜಾಗದಲ್ಲಿ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ಎಷ್ಟು, ದರ ಎಷ್ಟು ಅನ್ನುವ ಚೀಟಿ ಹಾಲು ತಂದವರ ಕೈಗೆ ಸಿಗುತ್ತದಾ? ಅನುಮಾನ ಬಂದರೆ ಅವರೆದುರೇ ಇನ್ನೊಮ್ಮೆ ಪರೀಕ್ಷೆ ಮಾಡುತ್ತೀರಾ? ಬಟವಾಡೆ ಹೇಳಿದ ದಿನ ಆಗುತ್ತದಾ? ಕ್ಯಾನ್ ತೊಳೆದ ನೀರು ಪಕ್ಕದ ಮನೆಯ ಬಾವಿ ಕಡೆ ಹರಿಯುತ್ತಿಲ್ಲ ತಾನೇ? ಇದೆಲ್ಲ ಬಿಟ್ಟು ನೋಟ್‌ಬುಕ್ ಹಂಚಿ ಏನು ಪ್ರಯೋಜನ?

ಅಡಿಕೆ ಬೆಳೆಗಾರರ ಸಹಕಾರ ಸಂಘ, ನಮ್ಮ ಮಂಗಳೂರಿನ ಕ್ಯಾಂಪ್ಕೊವನ್ನೇ ನೋಡಿ. ಅಡಿಕೆ ಧಾರಣೆ ಬಿದ್ದು ಬೆಳೆಗಾರರು ಕಂಗಾಲಾಗಿದ್ದ ಕಾಲದಲ್ಲಿ, 1973ರಲ್ಲಿ, ಅದು ಹುಟ್ಟಿತು. ಮಾರುಕಟ್ಟೆಗೆ ಇಳಿದು ಅಡಿಕೆ ಕೊಂಡಿತು. ಕೊಕ್ಕೊ ಬೆಳೆದವರಿಗೂ ದಾರಿ ಬೇಕಾದಾಗ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಇವೆರಡೂ ವ್ಯಾಪಾರವೇ, ದಾನ ಅಲ್ಲ. ಆದರೆ ಊರಿಗೆ ಆದ ಉಪಕಾರ ಯಾವ ದೇಣಿಗೆಗೂ ಕಮ್ಮಿಯಿಲ್ಲ.

ಸದಸ್ಯರಿಗೆ ಏನು ಬೇಕು ಅಂತ ಕೇಳುವುದಕ್ಕೆ ದಯವಿಟ್ಟು ಸಮೀಕ್ಷೆ ಕಂಪನಿ ಹಿಡಿಯಬೇಡಿ. ಮಹಾಸಭೆ ಇದೆಯಲ್ಲ! ‘ವರದಿ ಓದಿದಂತೆ ಭಾವಿಸಿ ಅಂಗೀಕರಿಸೋಣ’ ಅಂದು ಊಟಕ್ಕೆ ಏಳುವ ಚಾಳಿ ಮೊದಲು ಬಿಡಿ. ಲೆಕ್ಕದ ಪ್ರತಿಯನ್ನು ವಾರ ಮುಂಚೆಯೇ ಮನೆಗೆ ಮುಟ್ಟಿಸಿ. ಕಳೆದ ವರ್ಷ ಯಾರು ಏನು ಕೇಳಿದ್ದರು, ಅದಕ್ಕೆ ಏನು ಮಾಡಿದಿರಿ ಅನ್ನುವುದನ್ನು ಮೊದಲು ಓದಿ. ಇನ್ನೊಂದು ಮುಖ್ಯ. ಎಷ್ಟೋ ಕಡೆ ದನ ಸಾಕಿ ಹಾಲು ಹಾಕುವುದು ಹೆಂಗಸರು, ಸದಸ್ಯತ್ವ ಗಂಡನ ಹೆಸರಲ್ಲಿ. ಹಿಂಡಿ ರೇಟು ಜಾಸ್ತಿಯಾದ ಬಿಸಿ ತಟ್ಟಿದವರು ಮನೆಯಲ್ಲಿರುತ್ತಾರೆ, ಸಭೆಯಲ್ಲಿ ಮೈಕ್ ಹಿಡಿಯುವವರು ಬೇರೆ. ಆ ಹೆಂಗಸರನ್ನೇ ಸದಸ್ಯರಾಗಿ ಮಾಡಿಕೊಳ್ಳಿ. ಅಲ್ಲಿಯವರೆಗೆ ಹಾಲು ತರುವ ಹೊತ್ತಿಗೇ ಮಾತಾಡಿಸಿ.

ಪ್ರಶ್ನೆ: ನಮ್ಮದು ಸೌಹಾರ್ದ ಸಹಕಾರಿ. ನಮಗೆ ಸಿಎಸ್‌ಆರ್ ಇದೆಯಾ?

ಉತ್ತರ: ಇಲ್ಲ. ನಿಮ್ಮದು 1997ರ ಸೌಹಾರ್ದ ಕಾಯ್ದೆಯಲ್ಲಿ ನೋಂದಣಿಯಾದ ಸಹಕಾರಿ, ಕಂಪನಿ ಅಲ್ಲ. ರೈತ ಉತ್ಪಾದಕರ ಕಂಪನಿಯಾದರೆ ಅದು ಕಂಪನಿಯೇ, ಮೇಲಿನ ಮಿತಿ ಮುಟ್ಟಿದರೆ ಅನ್ವಯ.

ಪ್ರಶ್ನೆ: ದುಡ್ಡು ಕಟ್ಟಿದರೆ ನಮ್ಮ ಸಂಘಕ್ಕೆ ‘ಅತ್ಯುತ್ತಮ ಸೇವೆ’ ಪ್ರಶಸ್ತಿ ಕೊಡುತ್ತಾರಂತೆ.

ಉತ್ತರ: ಫೋನ್ ಇಡಿ.

ಪ್ರಶ್ನೆ: ದೇವಸ್ಥಾನದ ಬ್ರಹ್ಮಕಲಶಕ್ಕೆ ಸಂಘದಿಂದ ದೊಡ್ಡ ಮೊತ್ತ ಕೊಡುತ್ತೇವೆಂದು ಅಧ್ಯಕ್ಷರು ಮಾತು ಕೊಟ್ಟಾಗಿದೆ. ಈಗೇನು ಮಾಡುವುದು?

ಉತ್ತರ: ಮಾತು ಕೊಟ್ಟವರು ತಮ್ಮ ಕಿಸೆಯಿಂದಲೇ ಕೊಡಲಿ. ಸಂಘದ ದುಡ್ಡೇ ಬೇಕಾದರೆ ಬೈಲಾದಲ್ಲಿ ಅವಕಾಶ ಇದೆಯಾ ಅಂತ ನೋಡಿ, ಮಹಾಸಭೆಯ ಅಜೆಂಡಾದಲ್ಲಿ ಹಾಕಿ.