ಗಣಿ ಮುಚ್ಚಿದ ಮೇಲೆ ಸುತ್ತಲಿನ ಹಳ್ಳಿಗಳು

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿನ ಡರ್ಹಾಮ್‌ಗೆ ಹೋಗಿದ್ದಾಗ, ಹಿಂದೆ ಕಲ್ಲಿದ್ದಲಿನ ಊರಾಗಿದ್ದ ಬಿಷಪ್ ಆಕ್ಲೆಂಡನ್ನು ನೋಡಿದೆವು. ಪಟ್ಟಣವೇನೋ ಉಳಿದಿದೆ, ಸುತ್ತಲಿನ ಕೆಲವು ಹಳ್ಳಿಗಳಲ್ಲಿ ಮಾತ್ರ ಒಂದೆರಡು ಸಾಲು ಮನೆಗಳಿದ್ದು, ಮಿಕ್ಕದ್ದೆಲ್ಲ ಹುಲ್ಲುಬಯಲು. ಗಣಿ ಮುಚ್ಚಿದ ಮಾತ್ರಕ್ಕೆ ಊರುಗಳು ಹೀಗಾಗುತ್ತವೆಯೇ? ಮುಂದಿನ ಸಲ ಅಲ್ಲಿ ಏನನ್ನು ನೋಡಬಹುದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಗಣಿ ಮುಚ್ಚಿದ್ದು ಅರ್ಧ ಕಾರಣ; ಉಳಿದರ್ಧ ಸರ್ಕಾರಿ ಕಡತದಲ್ಲಿತ್ತು.

ಬಿಷಪ್ ಆಕ್ಲೆಂಡಿಗೆ ಕಲ್ಲಿದ್ದಲಿಗಿಂತ ಹಳೆಯದಾದ ಸಂತೆಯೂ ಡರ್ಹಾಮ್ ಬಿಷಪ್ಪರ ಅರಮನೆಯೂ ಇದ್ದವು. ಸುತ್ತಲಿನ ಹಲವು ಹಳ್ಳಿಗಳು ಹಾಗಲ್ಲ. ಕಾರ್ಮಿಕರು ನಡೆದೇ ಕೆಲಸಕ್ಕೆ ಬರಬೇಕಾಗಿದ್ದ ಕಾಲದಲ್ಲಿ, ಕಂಪನಿಗಳು ಗಣಿಯ ಬಾಯಿಯ ಬಳಿಯೇ, ನಮ್ಮ ಕಾಫಿ ತೋಟಗಳ ಲೈನ್ ಮನೆಗಳಂತೆ, ಸಾಲುಸಾಲಾಗಿ ಕಟ್ಟಿಸಿದ ವಸತಿಗಳವು. ಅಲ್ಲಿ ಇನ್ನೊಂದು ಕಸುಬೇ ಇರಲಿಲ್ಲ.

ಡರ್ಹಾಮಿನ ಪಶ್ಚಿಮ ಭಾಗದ ಗಣಿಗಳು ಮೊದಲು ಬರಿದಾದವು; ಸಮುದ್ರದಡಿಗೆ ಚಾಚಿದ್ದ ಪೂರ್ವ ಕರಾವಳಿಯ ಈಸಿಂಗ್ಟನ್ ಗಣಿ 1993ರವರೆಗೂ ನಡೆಯಿತು. ಪಶ್ಚಿಮದ ಗಣಿಗಳು ಹೀಗೆ ಬರಿದಾಗುವುದನ್ನು ಮುಂಗಂಡ ಕೌಂಟಿ ಕೌನ್ಸಿಲ್ (ನಮ್ಮ ಜಿಲ್ಲಾ ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆ) 1951ರ ಅಭಿವೃದ್ಧಿ ಯೋಜನೆಯಲ್ಲಿ ಊರುಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಿತು. ‘ಡಿ’ ವರ್ಗಕ್ಕೆ ಬಿದ್ದ 114 ಹಳ್ಳಿಗಳಲ್ಲಿ ಹೊಸ ಮನೆ, ಹೊಸ ಸೌಕರ್ಯಗಳಿಗೆ ಹಣ ತೊಡಗಿಸುವಂತಿರಲಿಲ್ಲ. ಮನೆಗಳು ಹಳತಾದಂತೆ ಜನರನ್ನು ಬೇರೆಡೆಗೆ ಸಾಗಿಸಿ ಜಾಗವನ್ನು ತೆರವು ಮಾಡಬೇಕಿತ್ತು. ಮುಂದೆ ಈ ಪಟ್ಟಿ 121ಕ್ಕೆ ಬೆಳೆಯಿತು. ಹೀಗೆ ಹಣೆಪಟ್ಟಿ ಹಚ್ಚಿಸಿಕೊಂಡ ಊರಿನಲ್ಲಿ ಮನೆ ಕೊಳ್ಳುವವರಾರು, ಇದ್ದ ಮನೆಗೆ ಹೊಸ ಹೆಂಚು ಹಾಕಿಸುವವರಾರು? ಕಿರಿಯರು ಹೊರಟರು, ಅಂಗಡಿಗಳು ಬಾಗಿಲು ಹಾಕಿದವು, ಅದನ್ನೇ ತೋರಿಸಿ ‘ಊರು ಉಳಿಯುವಂತಿಲ್ಲ’ ಎನ್ನಲಾಯಿತು. ಹಳೆಯ ಮನೆಗಳಲ್ಲಿ ಅನುಕೂಲ ಕಡಿಮೆಯಿದ್ದದ್ದು ನಿಜ, ಹೊಸ ಪಟ್ಟಣಗಳಿಗೆ ಸಂತೋಷದಿಂದ ಹೋದವರೂ ಇದ್ದರು. ಆದರೆ ಇರಬಯಸಿದವರನ್ನೂ ಎಬ್ಬಿಸುವ ಈ ಕ್ರಮವನ್ನು ಅದು ಸಮರ್ಥಿಸದು ಎಂಬುದು ನನ್ನ ಅಭಿಪ್ರಾಯ. ಗಣಿ ಕಾರ್ಮಿಕರ ಮತದಿಂದಲೇ ಗೆದ್ದ ಲೇಬರ್ ಪಕ್ಷದ ಕೌನ್ಸಿಲ್ ಇದನ್ನು ಮಾಡಿತೆಂಬುದು ಇನ್ನಷ್ಟು ಕಹಿ.

ಜನರು ಸುಮ್ಮನಿರಲಿಲ್ಲ. ಸಭೆಗಳು, ಮನವಿಗಳು ನಡೆದವು; 1977ರಲ್ಲಿ ಈ ನೀತಿಯನ್ನು ಕೈಬಿಡಲಾಯಿತು. ಪೂರ್ತಿ ಅಳಿದ ಹಳ್ಳಿಗಳು ಬೆರಳೆಣಿಕೆಯಷ್ಟು, ಅರೆಬರೆ ಉಳಿದವು ಹೆಚ್ಚು. ನೀವು ಕಂಡ ಬಯಲುಗಳಲ್ಲಿ ಕೆಲವಾದರೂ ಹಾಗೆ ಕೆಡವಿದ ಸಾಲುಗಳ ಜಾಗವಿರಬೇಕು.

ನೋಡಲು ಬಿಷಪ್ ಆಕ್ಲೆಂಡಿನ ಬಳಿಯ ವಿಟನ್ ಪಾರ್ಕ್ ಎಂಬ ಹಳ್ಳಿಗೆ ಹೋಗಿ. 1846ರಲ್ಲಿ ಬೋಲ್ಕೊ ಮತ್ತು ವಾನ್ ಎಂಬ ಉದ್ಯಮಿಗಳು ಅಲ್ಲಿ ಕಬ್ಬಿಣದ ಕಾರ್ಖಾನೆ ತೆರೆದಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಬ್ರಾಡ್‌ಫರ್ಡ್ ಸೋದರರಿಬ್ಬರ ಹುಟ್ಟೂರೂ ಅದೇ. ಡಿ ವರ್ಗಕ್ಕೆ ಸೇರಿ ಬಹಳಷ್ಟು ಮನೆಗಳನ್ನು ಕಳೆದುಕೊಂಡರೂ ಊರು ಉಳಿಯಿತು. ಸಮೀಪದ ಎಸ್ಕೂಮ್‌ನಲ್ಲಿ ಏಳನೆಯ ಶತಮಾನದ ಸ್ಯಾಕ್ಸನ್ ಚರ್ಚಿದೆ. ಅದರ ಕಲ್ಲುಗಳು ಬಿಂಚೆಸ್ಟರಿನ ರೋಮನ್ ಕೋಟೆಯಿಂದ ಬಂದವೆಂದು ಹೇಳುತ್ತಾರೆ. ಜುಲೈಯಲ್ಲಿ ಹೋಗುವುದಾದರೆ ಎರಡನೆಯ ಶನಿವಾರ ಡರ್ಹಾಮ್ ನಗರದಲ್ಲಿರಿ: 1871ರಲ್ಲಿ ಆರಂಭವಾದ ಗಣಿ ಕಾರ್ಮಿಕರ ಮೇಳಕ್ಕೆ ಗಣಿಯಿಲ್ಲದ ಹಳ್ಳಿಗಳೂ ತಮ್ಮ ಗಣಿಯ ಪತಾಕೆ ಹೊತ್ತು ವಾದ್ಯಗಳೊಂದಿಗೆ ಬರುತ್ತವೆ.